ಕಾಗ್ನಿಟಿವ್ ಟ್ರೈನಿಂಗ್: ಬೇಸರ ಹೋದ ಮೇಲೂ ಉಳಿಯುವ ಮಂಕಿಗೆ

ಕಾಫಿ ಕುಯ್ಲಿನ ಸಂಜೆ. ತೋಟದ ರೈಟರ್ ತಕ್ಕಡಿ ಪಕ್ಕ ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರು ಕುಯ್ದ ಹಣ್ಣು ತೂಗಿ, ಕಿಲೋ ನೋಡಿ, ಪುಸ್ತಕದಲ್ಲಿ ಬರೆಯಬೇಕು. ಐವತ್ತೆಂಟು ಅಂತ ಕಣ್ಣಿಗೆ ಕಂಡಿದೆ. ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ಅದು ಐವತ್ತೆಂಟೋ ಎಂಬತ್ತೈದೋ ಗೊತ್ತಾಗುತ್ತಿಲ್ಲ. ಮತ್ತೆ ತಕ್ಕಡಿ ನೋಡುತ್ತಾರೆ. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಇವರು ಖಿನ್ನತೆಗೆ ಮಾತ್ರೆ ಶುರು ಮಾಡಿ ಆರು ತಿಂಗಳಾಯಿತು. ಅಳು ನಿಂತಿದೆ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಮನೆಯವರ ಪ್ರಕಾರ ಪೂರ್ತಿ ಹುಷಾರಾಗಿದ್ದಾರೆ. ಮತ್ತೆ ಇದೇನು, ಸೋಮಾರಿತನವಾ?

ಅಲ್ಲ. ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆ (ಕೆಲಕಾಲ ಅತಿ ಹುರುಪು, ಕೆಲಕಾಲ ಖಿನ್ನತೆ) ಮನಸ್ಸಿನ ಹವಾಮಾನವನ್ನಷ್ಟೇ ಕೆಡಿಸುವುದಿಲ್ಲ. ಗಮನ, ನೆನಪು, ಯೋಚನೆಯ ವೇಗ, ಕೆಲಸಗಳನ್ನು ಸಾಲಾಗಿ ಜೋಡಿಸಿಕೊಳ್ಳುವ ಶಕ್ತಿ, ಇವಕ್ಕೂ ಪೆಟ್ಟು ಬೀಳುತ್ತದೆ. ಬೇಸರ ಇಳಿದ ಮೇಲೂ ಎಷ್ಟೋ ಜನರಲ್ಲಿ ಈ ಮಂಕು ಸ್ವಲ್ಪ ಉಳಿಯುತ್ತದೆ. ಅದನ್ನು ಅಭ್ಯಾಸದಿಂದ ಕಡಿಮೆ ಮಾಡುವ ಪ್ರಯತ್ನವೇ ಕಾಗ್ನಿಟಿವ್ ಟ್ರೈನಿಂಗ್.

ಕನ್ನಡದಲ್ಲಿ ಏನನ್ನೋಣ? ‘ಅರಿವಿನ ತರಬೇತಿ’ ಎಂದರೆ ಪಂಚಾಯ್ತಿಯಲ್ಲಿ ನಡೆಯುವ ಕಾನೂನು ಅರಿವು ಕಾರ್ಯಕ್ರಮ ನೆನಪಾಗುತ್ತದೆ. ‘ಬುದ್ಧಿಗೆ ತರಬೇತಿ’ ಎಂದರೆ ಇನ್ನೂ ಕಷ್ಟ, ‘ನನಗೇನು ಬುದ್ಧಿ ಇಲ್ವಾ?’ ಎಂದು ಎದ್ದು ಹೋಗುತ್ತಾರೆ. ನನಗೆ ‘ತಲೆಗೆ ಕಸರತ್ತು’ ಅನ್ನುವುದೇ ಇಷ್ಟ. ಮುರಿದ ಕೈಯ ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಮಾಡಿಸುತ್ತೇವಲ್ಲ, ಹಾಗೆ. ಈ ವಿದ್ಯೆಯ ಒಂದು ಬೇರು ಇರುವುದೂ ಅಲ್ಲೇ, ಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರ ಆರೈಕೆಯಲ್ಲಿ. ಆಮೇಲೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಬಳಸಿದರು. ಖಿನ್ನತೆ, ಬೈಪೋಲಾರ್ ಕಡೆಗೆ ಬಂದಿದ್ದು ತಡವಾಗಿ.

ಇದನ್ನು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯ ಜೊತೆ ಕಲಸಬೇಡಿ. ‘ನಾನು ಕೆಲಸಕ್ಕೆ ಬಾರದವನು’ ಎಂಬ ಯೋಚನೆ ನಿಜವಾ ಎಂದು ಕೆದಕಿ ನೋಡುವುದು ಸಿಬಿಟಿ. ಇಲ್ಲಿ ಯೋಚನೆ ಏನು ಹೇಳುತ್ತದೆ ಎಂಬುದು ಮುಖ್ಯವಲ್ಲ. ಯೋಚಿಸುವ ಹತಾರವನ್ನು ಮಸೆಯುವುದು ಮುಖ್ಯ.

ಮೊದಲು ಪರೀಕ್ಷೆ. ಎಲ್ಲಿ ಎಡವುತ್ತಿದೆ, ಗಮನದಲ್ಲೋ ನೆನಪಿನಲ್ಲೋ ವೇಗದಲ್ಲೋ? ಇಲ್ಲೊಂದು ಮಾತು. ಕೊಡಗಿನಲ್ಲಿ ಮನೆಮಾತು ಕೊಡವ ತಕ್ಕೋ ಅರೆಭಾಷೆಯೋ ಇರಬಹುದು. ಪದಗಳನ್ನು ನೆನಪಿಡುವ ಪರೀಕ್ಷೆ ಸರಿಯಾಗಿ ಬಾರದ ಭಾಷೆಯಲ್ಲಿ ನಡೆದರೆ, ಭಾಷೆಯ ತೊಡಕು ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಯಾವ ಭಾಷೆ ಸಲೀಸು ಎಂದು ಮೊದಲೇ ಹೇಳಿಬಿಡಿ. ಥೈರಾಯ್ಡ್, ಬಿ12 ಕೊರತೆ, ನಿದ್ದೆ, ಕುಡಿತ, ಕೆಲವು ಮಾತ್ರೆಗಳು, ಇವುಗಳಿಂದಲೂ ತಲೆ ಮಂಕಾಗುತ್ತದೆ. ಅದನ್ನು ವೈದ್ಯರು ನೋಡಬೇಕು. ನೀವಾಗಿಯೇ ಮಾತ್ರೆ ಬಿಡುವುದು ಬೇಡ.

ಆಮೇಲೆ ಕಸರತ್ತು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಗುಂಪಿನಿಂದ ಒಂದೇ ಬಗೆಯ ಚಿತ್ರ ಹೆಕ್ಕುವುದು, ಇಂಥವು. ಕಂಪ್ಯೂಟರ್‌ನಲ್ಲೂ ಮಾಡಬಹುದು, ಹಾಳೆಯಲ್ಲೂ ಮಾಡಬಹುದು. ನಮ್ಮ ಮಳೆಗಾಲದ ಕರೆಂಟು, ನೆಟ್‌ವರ್ಕ್ ನೆನೆಸಿಕೊಂಡರೆ ಹಾಳೆಯೇ ವಾಸಿ! ಸುಲಭದಿಂದ ಶುರುವಾಗಿ, ಕೈ ಕುದುರಿದಂತೆ ಕಷ್ಟವಾಗುತ್ತಾ ಹೋಗುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಡಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಆಟದಲ್ಲಿ ಮಾತ್ರ ಜಾಣರಾಗುತ್ತೀರಿ. ಮೊಬೈಲಿನ ಬ್ರೈನ್ ಗೇಮ್‌ಗಳ ಕಥೆ ಹೆಚ್ಚಾಗಿ ಇದೇ. ಲುಮಾಸಿಟಿ ಎಂಬ ಆ್ಯಪ್‌ನವರು ಸಾಕಷ್ಟು ಆಧಾರವಿಲ್ಲದೆ ಜಾಹೀರಾತು ಮಾಡಿದರೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ದೂರು ಹೂಡಿತು. 2016ರಲ್ಲಿ ಅವರು 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡರು.

ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ಕಸರತ್ತನ್ನು ದಿನದ ಕೆಲಸಕ್ಕೆ ಗಂಟು ಹಾಕುತ್ತಾರೆ. ನಮ್ಮ ರೈಟರಿಗಾದರೆ, ಕಿಲೋವನ್ನು ಜೋರಾಗಿ ಹೇಳಿ, ಬರೆದು, ಆಮೇಲೆ ಹೆಸರು ಕರೆಯುವುದು. ಒಂದು ಹೊತ್ತಿಗೆ ಒಂದೇ ಕೆಲಸ. ತೂಗುವಾಗ ಫೋನ್ ಜೇಬಿನಲ್ಲಿ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೊರಟಾಗ ಸಾಮಾನಿನ ಪಟ್ಟಿಯನ್ನು ತರಕಾರಿ, ಮೀನು, ದಿನಸಿ ಎಂದು ಗುಂಪು ಮಾಡಿ ಮನಸ್ಸಿನಲ್ಲಿಟ್ಟುಕೊಳ್ಳುವುದು. ಚೀಟಿಯೂ ಜೇಬಿನಲ್ಲಿರಲಿ, ಕೊನೆಗೆ ತೆಗೆದು ನೋಡುವುದಕ್ಕೆ.

ಫಲ ಸಿಗುತ್ತದಾ? ಗಮನ, ನೆನಪಿನ ಪರೀಕ್ಷೆಗಳಲ್ಲಿ ತಕ್ಕಮಟ್ಟಿಗೆ ಸುಧಾರಣೆ ಕಂಡಿದೆ, ಪವಾಡವೇನಿಲ್ಲ. ಬದುಕಿನ ಕೆಲಸಗಳ ವಿಷಯಕ್ಕೆ ಬಂದರೆ ಫಲಿತಾಂಶ ಒಂದೇ ಸಮ ಇಲ್ಲ. 2013ರಲ್ಲಿ ಸ್ಪೇನಿನಿಂದ ಬಂದ ಅಧ್ಯಯನವೊಂದು ನನಗೆ ತುಂಬಾ ಹಿಡಿಸಿತು. ಬೈಪೋಲಾರ್ ಇರುವ 239 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನದ ಕೆಲಸಕ್ಕೆ ಹೊಂದಿಸಿದ ತರಬೇತಿ, ವಾರಕ್ಕೊಮ್ಮೆಯಂತೆ 21 ವಾರ. ಅವರ ಕೆಲಸ, ಒಡನಾಟ ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗಿಂತ ಜಾಸ್ತಿ ಸುಧಾರಿಸಿತು. ಆದರೆ ಕಾಯಿಲೆಯ ಬಗ್ಗೆ ತಿಳಿವಳಿಕೆ ಪಡೆದ ಗುಂಪಿಗಿಂತ ಅಷ್ಟೇನೂ ಮುಂದೆ ಹೋಗಲಿಲ್ಲ. ನೆನಪಿನ ಪರೀಕ್ಷೆಯ ಅಂಕಗಳಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅಂಕ ಏರದೆಯೂ ಬದುಕು ಸಲೀಸಾಗಬಹುದು, ನೋಡಿ.

ಮೊದಲು ಮಡಿಕೇರಿಯಲ್ಲೇ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪಳಗಿದ ಮನಶ್ಶಾಸ್ತ್ರಜ್ಞರಿದ್ದಾರೆ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಏನು ಮರೆತಿರಿ, ಎಷ್ಟು ಹೊತ್ತಿಗೆ, ಆಗ ಸುತ್ತ ಗಲಾಟೆ ಇತ್ತಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ. ‘ಯಾಕೋ ಎಲ್ಲಾ ಮರೆತುಹೋಗುತ್ತೆ ಡಾಕ್ಟ್ರೇ’ ಎನ್ನುವುದಕ್ಕಿಂತ ಆ ಎರಡು ಹಾಳೆ ಅವರಿಗೆ ಜಾಸ್ತಿ ಹೇಳುತ್ತವೆ.