ಹೆಣ್ಣಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಅಳೆಯುವ ಕಷ್ಟ

ಟೆಸ್ಟೋಸ್ಟೆರಾನ್ ಗಂಡಸರ ಹಾರ್ಮೋನೆಂದು ಹೆಸರಾಗಿದ್ದರೂ ಹೆಣ್ಣಿನ ಅಂಡಾಶಯಗಳೂ ಅಡ್ರಿನಲ್ ಗ್ರಂಥಿಗಳೂ ಅದರ ಉತ್ಪತ್ತಿಯಲ್ಲಿ ಪಾಲುಗೊಳ್ಳುತ್ತವೆ; ಈಸ್ಟ್ರೋಜನ್ ರೂಪುಗೊಳ್ಳುವುದೂ ಇಂಥ ಆಂಡ್ರೋಜನ್‌ಗಳಿಂದಲೇ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ವಯಸ್ಕ ಗಂಡಸಿನಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ ಇದ್ದರೆ, ಹೆಣ್ಣಿನಲ್ಲಿ ಅದು 15ರಿಂದ 70ರ ಆಸುಪಾಸು.

ತೊಡಕು ಶುರುವಾಗುವುದು ಇಲ್ಲಿಯೇ. ಬಹುತೇಕ ಲ್ಯಾಬುಗಳು ಬಳಸುವ, ಪ್ರತಿಕಾಯಗಳನ್ನು ಆಧರಿಸಿದ ಇಮ್ಯುನೊಅಸ್ಸೇ ವಿಧಾನ ಗಂಡಸರ ಮಟ್ಟವನ್ನು ಚೆನ್ನಾಗಿಯೇ ಅಳೆಯುತ್ತದೆಯಾದರೂ, ಹೆಣ್ಣಿನ ಅಲ್ಪ ಪ್ರಮಾಣದ ಹತ್ತಿರ ಬಂದಾಗ ಅದರ ಪ್ರತಿಕಾಯಗಳು ಹೋಲಿಕೆಯುಳ್ಳ ಬೇರೆ ಸ್ಟೀರಾಯ್ಡುಗಳಿಗೂ ಅಂಟಿಕೊಂಡು ಲೆಕ್ಕ ಕೆಡಿಸುತ್ತವೆ. ಅಕ್ಕಿಮೂಟೆಯ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ. ಅಣುಗಳನ್ನು ಅವುಗಳ ರಾಶಿಯಿಂದಲೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಹೆಚ್ಚು ನಂಬಿಕೆಗೆ ಅರ್ಹ, ಆದರೆ ದುಬಾರಿ.

ಅಳತೆ ನಿಖರವಾಗಿದ್ದರೂ ಒಟ್ಟು ಟೆಸ್ಟೋಸ್ಟೆರಾನ್ ಪೂರ್ತಿ ಕತೆ ಹೇಳದು. ಅದರ ಬಹುಭಾಗವನ್ನು ಯಕೃತ್ತು ತಯಾರಿಸುವ ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಎಂಬ ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಬಿಡಿಯಾಗಿ ಓಡಾಡುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಅಂಡಾಶಯ ಹಾಗೂ ಹಾರ್ಮೋನುಗಳ ಏರುಪೇರಿನ ತೊಂದರೆಯಾದ ಪಿಸಿಒಎಸ್ ಇರುವ ಅನೇಕರಲ್ಲಿ ರಕ್ತದ ಇನ್ಸುಲಿನ್ ಏರಿ ಎಸ್‌ಎಚ್‌ಬಿಜಿ ಇಳಿಯುವುದರಿಂದ, ವರದಿಯಲ್ಲಿ ಒಟ್ಟು ಸಂಖ್ಯೆ ಸಹಜವಾಗಿದ್ದರೂ ಬಿಡಿ ಹಾರ್ಮೋನು ಹೆಚ್ಚಿರಬಹುದು. ಆದ್ದರಿಂದ ಎಸ್‌ಎಚ್‌ಬಿಜಿಯನ್ನೂ ಅಳೆದು ಬಿಡಿ ಅಂಶವನ್ನು ಲೆಕ್ಕಹಾಕುವುದು ಲೇಸು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳ ಪರಿಣಾಮ ಇದಕ್ಕೆ ತದ್ವಿರುದ್ಧ: ಅವು ಎಸ್‌ಎಚ್‌ಬಿಜಿಯನ್ನು ಏರಿಸಿ, ಅಂಡಾಶಯದ ಉತ್ಪಾದನೆಯನ್ನು ತಗ್ಗಿಸುತ್ತವೆ. ವೈದ್ಯರ ಸಲಹೆಯಂತೆ, ಬೇರೊಂದು ಗರ್ಭನಿರೋಧಕ ವಿಧಾನ ಅನುಸರಿಸುತ್ತ, ಮಾತ್ರೆ ನಿಲ್ಲಿಸಿ ಮೂರು ತಿಂಗಳಾದರೂ ಕಾದು ರಕ್ತ ಕೊಡುವುದು ಇದೇ ಕಾರಣಕ್ಕೆ.

ಇನ್ನೊಂದು ವಿಪರ್ಯಾಸವಿದೆ. ಕೂದಲು ಉದುರುವುದೇ ಪರೀಕ್ಷೆಗೆ ಕಾರಣವಾಗಿದ್ದಾಗ, ಅದಕ್ಕೆಂದು ನುಂಗಿದ ಹೆಚ್ಚಿನ ಪ್ರಮಾಣದ ಬಯೋಟಿನ್ ಎಂಬ ವಿಟಮಿನ್ ಕೆಲವು ಯಂತ್ರಗಳ ರಾಸಾಯನಿಕ ಕ್ರಿಯೆಯಲ್ಲಿ ತಲೆಹಾಕಿ ಟೆಸ್ಟೋಸ್ಟೆರಾನ್ ಮಟ್ಟವನ್ನು ಇಲ್ಲದಷ್ಟು ಏರಿಸಿ ತೋರಿಸಬಲ್ಲದು.

ಹೆಣ್ಣಿನ ಒಟ್ಟು ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 150–200 ನ್ಯಾನೊಗ್ರಾಂ ದಾಟಿದ್ದರೆ, ಅದರಲ್ಲೂ ಕೆಲವೇ ತಿಂಗಳಲ್ಲಿ ಧ್ವನಿ ಗಡುಸಾಗಿದ್ದರೆ, ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಇಂಥವು ಅಪರೂಪ.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಮುಟ್ಟಿನ ಏರುಪೇರಿನ ಜೊತೆ ಗಲ್ಲ, ಎದೆ, ಹೊಟ್ಟೆಗಳ ಮೇಲೆ ಒರಟು ಕೂದಲು ಸ್ಪಷ್ಟವಾಗಿ ಕಂಡಿದ್ದು, ಥೈರಾಯ್ಡ್ ಮುಂತಾದ ಬೇರೆ ಕಾರಣಗಳು ಇಲ್ಲವೆಂದಾದರೆ, ಪಿಸಿಒಎಸ್ ಎಂದು ಹೇಳಲು ಟೆಸ್ಟೋಸ್ಟೆರಾನ್ ವರದಿ ಬೇಕೇ ಇಲ್ಲ. ಪಾರ್ಲರಿನಲ್ಲಿ ಥ್ರೆಡ್ಡಿಂಗ್ ಮಾಡಿಸಿಕೊಂಡು ಬಂದವರು ಮಾತ್ರ ಆ ಸಂಗತಿಯನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.