‘ಸವಳು ತಾಳುವ ಬೆಳೆ’ ಉಪ್ಪು ತಿನ್ನೋದಿಲ್ಲ

ಜಮಖಂಡಿ, ಅಥಣಿ ಕಡೆಯ ಕಬ್ಬಿನ ರೈತರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಪೋಸ್ಟ್ ಸುತ್ತುತ್ತೆ: ಸವಳು (ಉಪ್ಪೇರಿದ ಮಣ್ಣು) ತಾಳುವ ತಳಿ ಹಾಕಿ, ಉಪ್ಪೆಲ್ಲ ಹೀರಿ ಹೊಲ ಸರಿ ಮಾಡುತ್ತೆ. ಸಾಕಪ್ಪಾ ಸಾಕು.

ತಾಳೋದೇ ಬೇರೆ, ಹೀರೋದೇ ಬೇರೆ. ನಾವು ಬೆಳೆಯುವ ಬಹುಪಾಲು ಬೆಳೆಗಳಲ್ಲಿ ತಾಳಿಕೆ ಅಂದರೆ ಉಪ್ಪನ್ನು ಆದಷ್ಟು ಒಳಗೆ ಬಿಟ್ಟುಕೊಳ್ಳದಿರೋದು, ನುಗ್ಗಿದ್ದನ್ನು ಹೊರಗೆ ಹಾಕೋದು. ಹೊರಗೆ ಹಾಕಿದ್ದು ಎಲ್ಲಿಗೆ ಹೋಗುತ್ತೆ? ಅದೇ ಮಣ್ಣಿಗೆ.

ಬೇರಿನ ಕೋಶಕ್ಕೆ ಉಪ್ಪಿನಲ್ಲಿರುವ ಸೋಡಿಯಂ ನುಗ್ಗಿದರೆ ಒಳಗೆ ಕ್ಯಾಲ್ಸಿಯಂ ಏರುತ್ತೆ. ಅದನ್ನು ಎಸ್‌ಒಎಸ್3 ಎಂಬ ಪ್ರೋಟೀನ್ ಗುರುತಿಸಿ ಎಸ್‌ಒಎಸ್2 ಅನ್ನು ಎಬ್ಬಿಸುತ್ತೆ, ಅದು ಕೋಶದ ಪೊರೆಯಲ್ಲಿರುವ ಎಸ್‌ಒಎಸ್1 ಅನ್ನು ಚುರುಕು ಮಾಡುತ್ತೆ. (ಇದು ಹಡಗಿನವರ ಎಸ್‌ಒಎಸ್ ಅಲ್ಲ, ‘ಸಾಲ್ಟ್ ಓವರ್ಲಿ ಸೆನ್ಸಿಟಿವ್’. ಈ ಜೀನ್ ಕೆಟ್ಟ ಗಿಡಗಳು ಸ್ವಲ್ಪ ಉಪ್ಪಿಗೇ ಸೋಲುತ್ತಿದ್ದವು, ಅದಕ್ಕೇ ಆ ಹೆಸರು.) ಎಸ್‌ಒಎಸ್1 ಹೈಡ್ರೋಜನ್ ಅಯಾನನ್ನು ಒಳಗೆ ಬಿಟ್ಟುಕೊಂಡು ಸೋಡಿಯಂ ಅನ್ನು ಹೊರಗೆ ದಬ್ಬುತ್ತೆ. ಆ ಹೈಡ್ರೋಜನ್ ಅನ್ನು ಮೊದಲೇ ಹೊರಗೆ ಪಂಪ್ ಮಾಡಿಟ್ಟಿರಬೇಕು, ಅದಕ್ಕೆ ಎಟಿಪಿ, ಅಂದರೆ ಕೋಶದ ಶಕ್ತಿ, ಖರ್ಚು. ಮೋಟರ್ ಸುಮ್ನೆ ಓಡೋದಿಲ್ಲ, ಕರೆಂಟ್ ಬಿಲ್ ಬರುತ್ತೆ ಅಲ್ವಾ? ಈ ಬಿಲ್ ಕಟ್ಟೋದು ಇಳುವರಿಯಿಂದ.

ತಪ್ಪಿಸಿಕೊಂಡು ಮೇಲೆ ಹೊರಟ ಸೋಡಿಯಂ ಅನ್ನು ಎಚ್‌ಕೆಟಿ ಪ್ರೋಟೀನ್‌ಗಳು ನೀರಿನ ನಾಳದಿಂದಲೇ ವಾಪಸ್ ಎಳೆಯುತ್ತವೆ. ನೋನಾ ಬೋಕ್ರಾ ಎಂಬ ಭತ್ತದ ಬಲ ಇದೇ ಅಂತ 2005ರಲ್ಲಿ ಗೊತ್ತಾಯಿತು. 2012ರಲ್ಲಿ ಆಸ್ಟ್ರೇಲಿಯಾದವರು ಇಂಥದ್ದೇ ಜೀನ್ ಅನ್ನು ಡ್ಯೂರಮ್ ಗೋಧಿಗೆ ತಂದಾಗ ಉಪ್ಪಿನ ಹೊಲದಲ್ಲಿ ಇಳುವರಿ 25% ಜಾಸ್ತಿ ಬಂತು. ಅಷ್ಟಾದರೂ ಎಲೆಗೆ ಬಂದದ್ದನ್ನು ಎನ್‌ಎಚ್‌ಎಕ್ಸ್ ಪ್ರೋಟೀನ್‌ಗಳು ಕೋಶದ ರಸದಾನಿಗೆ (ಒಳಗಿನ ರಸದ ಚೀಲಕ್ಕೆ) ತುಂಬುತ್ತವೆ. ಗಿಡವೇ ತಯಾರಿಸುವ ಪ್ರೋಲಿನ್, ಗ್ಲೈಸಿನ್ ಬೀಟೈನ್ ಎಂಬ ಸಣ್ಣ ಅಣುಗಳು ನೀರು ಹಿಡಿದಿಡೋಕೆ ಸಹಾಯ ಮಾಡುತ್ತವೆ.

ಇದೆಲ್ಲ ಕೈಕೊಟ್ಟರೆ ಏನಾಗುತ್ತೆ ಅಂತ ಸವಳು ಹೊಲದ ಕಬ್ಬಿನಲ್ಲೇ ನೋಡಬಹುದು. ಕೆಳಗಿನ ಹಳೇ ಎಲೆ ತುದಿಯಿಂದ, ಅಂಚಿನಿಂದ ಸುಟ್ಟಂತೆ ಒಣಗುತ್ತಾ ಬರುತ್ತೆ. ನೀರು ಆವಿಯಾಗಿ ಹೋಗುತ್ತೆ, ಸೋಡಿಯಂ ಅಲ್ಲೇ ಕೂತು ಪೊಟ್ಯಾಸಿಯಂನ ಜಾಗ ಕಸಿಯುತ್ತೆ, ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಇದನ್ನು ನೋಡಿ ಪೊಟ್ಯಾಷ್ ಕಮ್ಮಿ ಅಂತ ಚೀಲಗಟ್ಟಲೆ ಸುರಿಯುವವರೂ ಇದ್ದಾರೆ.

ಇನ್ನೊಂದು ವಿಷಯ. ಮಣ್ಣಿನ ಇಸಿ (ವಿದ್ಯುತ್ ವಾಹಕತೆ, ಉಪ್ಪು ಎಷ್ಟಿದೆ ಅನ್ನೋದರ ಅಳತೆ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಅನ್ನುತ್ತಾರೆ. ಆದರೆ ಕಬ್ಬಿನ ಇಳುವರಿ ಸುಮಾರು 1.7ರಿಂದಲೇ ಇಳಿಯೋಕೆ ಶುರುವಾಗುತ್ತೆ, ಹತ್ತಿ 7.7ರವರೆಗೂ ತಡೆಯುತ್ತೆ. ಹಾಗಾಗಿ ಎಷ್ಟು ಇಸಿವರೆಗೆ ಅಂತ ಹೇಳದೆ ಬರೀ ‘ಸವಳು ತಾಳುತ್ತೆ’ ಅನ್ನೋ ಬೀಜದ ಚೀಟಿಗೆ ಅರ್ಥವೇ ಇಲ್ಲ. ಮಣ್ಣಿನ ಉಪ್ಪು ಹೋಗಬೇಕಾದರೆ ಬಸಿಗಾಲುವೆ ತೆಗೆದು ಸಿಹಿನೀರಿನಲ್ಲಿ ತೊಳೆಯಬೇಕು. ಸೋಡಿಯಂ ಮಣ್ಣಿಗೇ ಅಂಟಿಕೊಂಡಿರುವ ಕ್ಷಾರ ಭೂಮಿಯಾದರೆ ಅದಕ್ಕೂ ಮೊದಲು ಜಿಪ್ಸಂ ಹಾಕಬೇಕು.