ನಿಯಂತ್ರಕ ಟಿ ಕೋಶಗಳು: ಗುರುತಿನ ಪ್ರಶ್ನೆಯಿಂದ ಚಿಕಿತ್ಸೆಯವರೆಗೆ

ಕಲಬುರಗಿಯ ಜ್ಞಾನಗಂಗಾ ಆವರಣದಲ್ಲಿ ಜೀವವಿಜ್ಞಾನ ಓದುತ್ತ ನೆಟ್ ಪರೀಕ್ಷೆಗೆ ಸಿದ್ಧರಾಗುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಸಂದ ಮೇಲೆ ಈ ಅಧ್ಯಾಯದಿಂದ ಪ್ರಶ್ನೆ ಬರುವುದು ಖಚಿತವೆಂದು ಎಲ್ಲರೂ ಹೇಳುತ್ತಿದ್ದಾರೆ. ಆದರೆ ಹೆಸರು, ಇಸವಿಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ವಿಷಯ ಕೈಗೆ ಹತ್ತುವುದಿಲ್ಲ. ಟಿ ಕೋಶಗಳು ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು, ಅವುಗಳಲ್ಲಿ ಉಳಿದವನ್ನು ಹತೋಟಿಯಲ್ಲಿಡುವುದು ನಿಯಂತ್ರಕ ಟಿ ಕೋಶ, ಅಂದರೆ ಟ್ರೆಗ್ ಕೋಶ. ಅದನ್ನು ಉಳಿದ ಟಿ ಕೋಶಗಳಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ಇಡೀ ಅಧ್ಯಾಯ ತಿರುಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಂಶೋಧನೆ ಒಮ್ಮೆ ಮುಗ್ಗರಿಸಿದ್ದು ಇಲ್ಲಿಯೇ, ಚಿಕಿತ್ಸೆ ಇಂದಿಗೂ ತಡವರಿಸುತ್ತಿರುವುದೂ ಇಲ್ಲಿಯೇ.

ಸ್ವಂತ ದೇಹದ ಅಂಗಾಂಶಗಳ ಮೇಲೆ ಎರಗಬಲ್ಲ ಟಿ ಕೋಶಗಳಲ್ಲಿ ಬಹುಪಾಲನ್ನು ಥೈಮಸ್ ಗ್ರಂಥಿಯೇ ನಾಶಮಾಡುತ್ತದೆ. ಇದು ಕೇಂದ್ರೀಯ ಸಹಿಷ್ಣುತೆ. ಆದರೂ ಕೆಲವು ನುಸುಳಿ ಹೊರಬರುತ್ತವೆ. ಅವುಗಳನ್ನು ಹೊರಗೆ ಹದ್ದುಬಸ್ತಿನಲ್ಲಿಡುವ ವಿಶೇಷ ಕೋಶಗಳಿರಬೇಕೆಂಬ ಊಹೆ 1970ರ ದಶಕದಲ್ಲೇ ಬಲವಾಗಿತ್ತು. ರಿಚರ್ಡ್ ಗರ್ಶನ್ ಅವರ ಪ್ರಯೋಗಗಳಿಂದ ‘ಸಪ್ರೆಸರ್ ಟಿ ಕೋಶ’ ಎಂಬ ಹೆಸರು ಚಲಾವಣೆಗೆ ಬಂತು, ಅವುಗಳ ಗುರುತಾಗಿ ಐ-ಜೆ ಎಂಬ ಅಣುವನ್ನೂ ತೋರಿಸಲಾಯಿತು. ಆದರೆ 1980ರ ದಶಕದಲ್ಲಿ ಇಲಿಯ ವರ್ಣತಂತುವಿನ ಆ ಭಾಗವನ್ನು ಬಿಡಿಸಿ ನೋಡಿದಾಗ ಅಲ್ಲಿ ಅಂಥ ಜೀನ್‌ಗೆ ಜಾಗವೇ ಇರಲಿಲ್ಲ. ಗುರುತು ಬಿದ್ದುಹೋದೊಡನೆ ಕೋಶದ ಮೇಲಿನ ನಂಬಿಕೆಯೂ ಹೋಯಿತು. ‘ಸಪ್ರೆಸರ್’ ಎಂಬ ಮಾತನ್ನೆತ್ತಲು ಸಂಶೋಧಕರು ಹಿಂಜರಿಯುವ ಕಾಲ ಬಂತು.

ಸಕಾಗುಚಿ ಹಿಡಿದದ್ದು ಅದಕ್ಕೂ ಹಿಂದಿನ ಒಂದು ಎಳೆಯನ್ನು. ಹುಟ್ಟಿದ ಮೂರನೆಯ ದಿನದ ಸುಮಾರಿಗೆ ಇಲಿಮರಿಯ ಥೈಮಸ್ ತೆಗೆದರೆ ಅದರ ಅಂಡಾಶಯ ಹಾಳಾಗುತ್ತದೆಂದು 1969ರಲ್ಲೇ ಜಪಾನಿನ ನಿಶಿಝುಕಾ ಮತ್ತು ಸಕಾಕುರಾ ತೋರಿಸಿದ್ದರು. ಟಿ ಕೋಶಗಳ ತವರನ್ನೇ ತೆಗೆದಾಗ ನಿರೋಧಕ ವ್ಯವಸ್ಥೆ ಸೊರಗಬೇಕಿತ್ತು, ಆದರೆ ಅದು ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದಿತ್ತು. ಈ ವಿಪರೀತವನ್ನು ಬೆನ್ನಟ್ಟಿದ ಸಕಾಗುಚಿ 1995ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ: ಆರೋಗ್ಯವಂತ ಇಲಿಯ ಟಿ ಕೋಶಗಳಿಂದ, ಮೇಲ್ಮೈಯಲ್ಲಿ ಸಿಡಿ25 ಎಂಬ ಪ್ರೋಟೀನ್ ಹೊತ್ತ ಸಿಡಿ4 ಕೋಶಗಳನ್ನು (ಸಿಡಿ4 ಎಂಬ ಮೇಲ್ಮೈ ಪ್ರೋಟೀನ್ ಇರುವ ಟಿ ಕೋಶಗಳನ್ನು) ಮಾತ್ರ ತೆಗೆದುಹಾಕಿ, ಉಳಿದವನ್ನು ಥೈಮಸ್ ಇಲ್ಲದ ಇಲಿಗೆ ಕೊಟ್ಟಾಗ ಅದರ ಥೈರಾಯ್ಡ್, ಜಠರ ಮೊದಲಾದ ಅಂಗಗಳಲ್ಲಿ ಉರಿಯೂತ ಕಾಣಿಸಿಕೊಂಡಿತು, ತೆಗೆದ ಕೋಶಗಳನ್ನು ಹಿಂದಿರುಗಿಸಿದಾಗ ಕಾಯಿಲೆ ಬರಲಿಲ್ಲ. ಸಿಡಿ4 ಕೋಶಗಳಲ್ಲಿ ಇವುಗಳ ಪಾಲು ಹೆಚ್ಚೆಂದರೆ ಹತ್ತಕ್ಕೊಂದು. ಕಳೆದು ನೋಡುವುದು, ಮತ್ತೆ ಕೂಡಿಸಿ ನೋಡುವುದು, ಈ ಎರಡೂ ಹೆಜ್ಜೆಗಳಿರುವುದರಿಂದಲೇ ಪ್ರಯೋಗಕ್ಕೆ ತೂಕ ಬಂದಿದೆ. ಉತ್ತರ ಬರೆಯುವಾಗ ಎರಡನೆಯದನ್ನು ಬಿಡಬಾರದು.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1949ರಲ್ಲಿ ತಾನಾಗಿ ಹುಟ್ಟಿದ ‘ಸ್ಕರ್ಫಿ’ ಎಂಬ ಇಲಿ ತಳಿ ಕಥೆಯ ಇನ್ನೊಂದು ಭಾಗ. ಈ ತಳಿಯ ಗಂಡುಮರಿಗಳ ಚರ್ಮ ಸಿಪ್ಪೆಯೇಳುತ್ತದೆ, ಗುಲ್ಮ ಮತ್ತು ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ, ಕೆಲವೇ ವಾರಗಳಲ್ಲಿ ಮರಿಗಳು ಸಾಯುತ್ತವೆ. ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂಬುದಷ್ಟೇ ಗೊತ್ತಿತ್ತು. ಬ್ರಂಕೋವ್ ಮತ್ತು ರಾಮ್ಸ್‌ಡೆಲ್ ಆ ವರ್ಣತಂತುವಿನಲ್ಲಿ ಹುಡುಕುವ ಜಾಗವನ್ನು ಸುಮಾರು 5 ಲಕ್ಷ ನ್ಯೂಕ್ಲಿಯೊಟೈಡ್‌ಗಳಿಗೆ ಇಳಿಸಿ, ಅಲ್ಲಿದ್ದ 20 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೋಷ ಸಿಕ್ಕಿದ್ದು ಕಟ್ಟಕಡೆಯ ಜೀನ್‌ನಲ್ಲಿ. ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಾಯಿತು. ಗಂಡುಶಿಶುಗಳಲ್ಲಿ ತೀವ್ರ ಅತಿಸಾರ, ಎಳವೆಯಲ್ಲೇ ಮಧುಮೇಹ ಮತ್ತು ಎಸ್ಜಿಮಾ ತರುವ ಐಪೆಕ್ಸ್ ಎಂಬ ಅಪರೂಪದ ಕಾಯಿಲೆಗೂ ಇದೇ ಜೀನ್‌ನ ದೋಷ ಕಾರಣವೆಂದು 2001ರಲ್ಲಿ ತಿಳಿಯಿತು. ಈ ಜೀನ್ ಟ್ರೆಗ್ ಕೋಶಗಳ ಬೆಳವಣಿಗೆಯ ಸೂತ್ರಧಾರಿ ಎಂಬುದನ್ನು 2003ರಲ್ಲಿ ಸಕಾಗುಚಿ, ಅಲೆಕ್ಸಾಂಡರ್ ರುಡೆನ್‌ಸ್ಕಿ ಮತ್ತು ರಾಮ್ಸ್‌ಡೆಲ್ ಅವರ ತಂಡಗಳು ಬೇರೆಬೇರೆಯಾಗಿಯೇ ತೋರಿಸಿದವು.

ಈ ಕೋಶಗಳು ದಮನ ಮಾಡುವ ಬಗೆಗಳ ಪಟ್ಟಿ ಎಲ್ಲ ಪಠ್ಯಪುಸ್ತಕಗಳಲ್ಲೂ ಉದ್ದವಾಗಿದೆ. ಅದರಲ್ಲಿ ಎರಡನ್ನು ಸರಿಯಾಗಿ ತಿಳಿದರೆ ಚಿಕಿತ್ಸೆಯ ಭಾಗ ಸಲೀಸಾಗುತ್ತದೆ. ಒಂದು, ಸಿಡಿ25 ಎಂಬುದು ಇಂಟರ್‌ಲ್ಯೂಕಿನ್-2 ಗ್ರಾಹಕದ ಆಲ್ಫಾ ಘಟಕ (ಇಂಟರ್‌ಲ್ಯೂಕಿನ್-2 ಎಂಬುದು ಟಿ ಕೋಶಗಳನ್ನು ಬೆಳೆಸುವ ಸಂಕೇತ ಪ್ರೋಟೀನ್). ಅದು ಸದಾ ಮೇಲ್ಮೈಯಲ್ಲಿರುವುದರಿಂದ ಟ್ರೆಗ್ ಕೋಶ ಸುತ್ತಲಿನ ಇಂಟರ್‌ಲ್ಯೂಕಿನ್-2ನ್ನು ಹೀರಿಕೊಂಡು ಪಕ್ಕದ ದಾಳಿಕೋರ ಕೋಶಗಳಿಗೆ ಸಿಗದಂತೆ ಮಾಡುತ್ತದೆ, ಆದರೆ ತಾನು ಮಾತ್ರ ಅದನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಇನ್ನೊಂದು, ಸಿಟಿಎಲ್‌ಎ-4 ಅಣುವಿನ ನೆರವಿನಿಂದ ಅದು ಟಿ ಕೋಶಗಳಿಗೆ ಪ್ರತಿಜನಕ ತೋರಿಸುವ ಡೆಂಡ್ರೈಟಿಕ್ ಕೋಶಗಳ ಮೇಲಿನ ಸಿಡಿ80 ಮತ್ತು ಸಿಡಿ86 ಅಣುಗಳನ್ನು ಕಿತ್ತು ಒಳಗೆಳೆದುಕೊಳ್ಳುತ್ತದೆ. ಆ ಅಣುಗಳು ಕೊಡುವ ಎರಡನೆಯ ಸಂಕೇತ ಸಿಗದ ಟಿ ಕೋಶ ಚುರುಕಾಗುವುದಿಲ್ಲ. ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇವೆ.

ಎಲ್ಲ ಟ್ರೆಗ್ ಕೋಶಗಳೂ ಥೈಮಸ್‌ನಿಂದ ಬರುವುದಿಲ್ಲ, ಕೆಲವು ಹೊರಗೆ, ಅದರಲ್ಲೂ ಕರುಳಿನಲ್ಲಿ, ಸಾಮಾನ್ಯ ಸಿಡಿ4 ಕೋಶಗಳಿಂದ ರೂಪುಗೊಳ್ಳುತ್ತವೆ. ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್ ಇದಕ್ಕೆ ಒತ್ತಾಸೆಯಾಗುತ್ತದೆಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು. ಇದನ್ನು ಓದಿದವರು ನಮ್ಮ ಜೋಳದ ರೊಟ್ಟಿ, ತೊಗರಿಬೇಳೆಯಿಂದ ಸಂಧಿವಾತ ವಾಸಿಯಾಗುತ್ತದೆಂದು ಹೇಳಹೊರಟರೆ ಒಪ್ಪಲಾಗದು. ರೊಟ್ಟಿ ಒಳ್ಳೆಯದೇ, ಆದರೆ ಇಲಿಯ ಕರುಳಿಗೂ ಮನುಷ್ಯನ ಕೀಲಿಗೂ ನಡುವೆ ಇನ್ನೂ ಬಹಳ ಪ್ರಯೋಗಗಳು ಬಾಕಿ ಇವೆ.

ಈಗ ಗುರುತಿನ ಕಷ್ಟವನ್ನು ಹತ್ತಿರದಿಂದ ನೋಡೋಣ. ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೆಟ್ರಿಯ ಚುಕ್ಕಿಚಿತ್ರದಲ್ಲಿ ಸಿಡಿ4 ಕೋಶಗಳನ್ನಷ್ಟೇ ಆಯ್ದು, ಅಡ್ಡ ಅಕ್ಷದಲ್ಲಿ ಸಿಡಿ127 ಎಂಬ ಇನ್ನೊಂದು ಮೇಲ್ಮೈ ಪ್ರೋಟೀನ್, ಲಂಬ ಅಕ್ಷದಲ್ಲಿ ಸಿಡಿ25 ಇಟ್ಟರೆ, ಮೇಲಿನ ಎಡಮೂಲೆಯಲ್ಲಿ ಒಂದು ಸಣ್ಣ ಗುಂಪು ಕಾಣುತ್ತದೆ: ಸಿಡಿ25 ಹೆಚ್ಚು, ಸಿಡಿ127 ಕಡಿಮೆ. ಟ್ರೆಗ್ ಕೋಶಗಳು ಅಲ್ಲಿವೆ. ಆದರೆ ಆ ಗುಂಪಿಗೆ ಕಡಿದಂಥ ಅಂಚಿಲ್ಲ. ಅದು ಬಲಕ್ಕೂ ಕೆಳಕ್ಕೂ ಮಸುಕಾಗುತ್ತ ಹೋಗುತ್ತದೆ, ಏಕೆಂದರೆ ಸೋಂಕಿನ ವಿರುದ್ಧ ಆಗತಾನೆ ಚುರುಕಾದ ಸಾಮಾನ್ಯ ಟಿ ಕೋಶವೂ ಸಿಡಿ25ನ್ನು ಹೊರಹಾಕುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದು ತೊಗರಿಯ ರಾಶಿಯಲ್ಲಿ ತೊಗರಿಯದೇ ಬಣ್ಣದ ಹರಳು ಆರಿಸಿದಂಥ ಕೆಲಸ. ಫಾಕ್ಸ್‌ಪಿ3ನ್ನೇ ನೋಡಿ ಆರಿಸಬಾರದೇ ಎಂದರೆ, ಅದು ಕೋಶಕೇಂದ್ರದೊಳಗಿನ ಪ್ರೋಟೀನ್. ಬಣ್ಣ ಒಳಗಿಳಿಯಬೇಕಾದರೆ ಕೋಶವನ್ನು ಸ್ಥಿರೀಕರಿಸಿ ಪೊರೆಗೆ ತೂತು ಮಾಡಬೇಕು, ಅಲ್ಲಿಗೆ ಕೋಶ ಸತ್ತಂತೆಯೇ, ಅದನ್ನು ರೋಗಿಗೆ ಕೊಡಲಾಗದು. ಅದೂ ಸಾಲದೆಂಬಂತೆ ಮನುಷ್ಯರಲ್ಲಿ ಚುರುಕಾದ ಸಾಮಾನ್ಯ ಟಿ ಕೋಶಗಳೂ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತವೆ. ಆದ್ದರಿಂದ ಸ್ಥಿರವಾದ ಟ್ರೆಗ್ ಯಾವುದೆಂದು ನಿರ್ಣಯಿಸಲು ಫಾಕ್ಸ್‌ಪಿ3 ಜೀನ್‌ನ ಟಿಎಸ್‌ಡಿಆರ್ ಎಂಬ ಭಾಗದಲ್ಲಿ ಮೀಥೈಲ್ ಗುಂಪುಗಳು ಕಳಚಿವೆಯೇ ಎಂದು ನೋಡುತ್ತಾರೆ.

ನಮ್ಮ ಕಡೆ ಮೂತ್ರಪಿಂಡ ಕಸಿ ಮಾಡಿಸಿಕೊಳ್ಳಲು ಅನೇಕರು ಹೈದರಾಬಾದಿಗೆ ಹೋಗಿ ಬರುತ್ತಾರೆ. ಅಂಥವರ ಮನೆಗಳಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಗಡಿಯಾರ ನೋಡಿ, ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ನುಂಗುವುದು ನಿತ್ಯವಿಧಿಯಾಗಿರುತ್ತದೆ. ಈ ಔಷಧಿ ಇಡೀ ಟಿ ಕೋಶ ಸಮೂಹವನ್ನೇ ತಗ್ಗಿಸುವುದರಿಂದ ಸೋಂಕಿನ ಭಯ ತಪ್ಪುವುದಿಲ್ಲ. ಅದರ ಬದಲು ರೋಗಿಯದೇ ಟ್ರೆಗ್ ಕೋಶಗಳನ್ನು ರಕ್ತದಿಂದ ತೆಗೆದು, ಅವುಗಳ ಮೇಲ್ಮೈಯ ಸಿಡಿ3 ಮತ್ತು ಸಿಡಿ28ನ್ನು ಪ್ರಚೋದಿಸುವ ಮಣಿಗಳು ಹಾಗೂ ಇಂಟರ್‌ಲ್ಯೂಕಿನ್-2 ಸೇರಿಸಿ ಬೆಳೆಸಿ ಮರಳಿ ಕೊಡುವುದು ಇಲ್ಲಿನ ಆಲೋಚನೆ. ಕಸಿ ಮಾಡಿದ ಮಜ್ಜೆಯ ಕೋಶಗಳೇ ರೋಗಿಯ ದೇಹದ ಮೇಲೆ ಎರಗುವ ಕಾಯಿಲೆಯಲ್ಲಿ ಪೋಲೆಂಡಿನ ತಂಡವೊಂದು 2009ರಲ್ಲಿ ಇಂಥ ಮೊದಲ ಮಾನವ ಪ್ರಯೋಗದ ವರದಿ ನೀಡಿತು. ಬೆಳೆಸುವಾಗ ಒಂದಿಷ್ಟು ದಾಳಿಕೋರ ಕೋಶಗಳು ಸೇರಿಕೊಂಡಿದ್ದರೂ ಅವೇ ವೇಗವಾಗಿ ಹೆಚ್ಚುವುದರಿಂದ, ಅವನ್ನು ಹೆಚ್ಚು ಬಾಧಿಸುವ ರಾಪಾಮೈಸಿನ್ ಬೆರೆಸುವ ರೂಢಿಯಿದೆ. ಮೂತ್ರಪಿಂಡ ಕಸಿಯಲ್ಲಿ ನಡೆದ ‘ಒನ್ ಸ್ಟಡಿ’ಯ ಫಲಿತಾಂಶ 2020ರಲ್ಲಿ ಬಂತು: ಕೋಶಚಿಕಿತ್ಸೆ ಪಡೆದವರಲ್ಲಿ ತಿರಸ್ಕಾರದ ಪ್ರಮಾಣ ಹೆಚ್ಚಲಿಲ್ಲ, ಸೋಂಕುಗಳು ಕಡಿಮೆಯಾದವು, ಕೆಲವರ ಔಷಧಿಗಳನ್ನು ಇಳಿಸಲೂ ಸಾಧ್ಯವಾಯಿತು. ಇಲ್ಲೊಂದು ತೊಡಕಿದೆ: ಟ್ಯಾಕ್ರೋಲಿಮಸ್ ಸಾಮಾನ್ಯ ಟಿ ಕೋಶಗಳಲ್ಲಿ ಇಂಟರ್‌ಲ್ಯೂಕಿನ್-2ರ ತಯಾರಿಯನ್ನೇ ತಡೆಯುವುದರಿಂದ, ಅದನ್ನು ನಂಬಿ ಬದುಕುವ ಟ್ರೆಗ್ ಕೋಶಗಳಿಗೂ ಬರಗಾಲ ಬರುತ್ತದೆ. ದಾನಿಯ ಕೋಶಗಳ ಮೇಲಿರುವ ಎಚ್‌ಎಲ್‌ಎ-ಎ2 ಅಣುವನ್ನು ಗುರುತಿಸುವ ಕೃತಕ ಗ್ರಾಹಕ ತೊಡಿಸಿ, ಕಸಿಯಾದ ಅಂಗದ ಬಳಿಗೇ ಹೋಗುವಂತೆ ಮಾಡಿದ ಕಾರ್-ಟ್ರೆಗ್ ಕೋಶಗಳೂ ಮಾನವ ಪ್ರಯೋಗದ ಹಂತಕ್ಕೆ ಬಂದಿವೆ.

ಇಂಟರ್‌ಲ್ಯೂಕಿನ್-2 ವಿಚಾರದಲ್ಲಿ ಪ್ರಮಾಣವೇ ಎಲ್ಲ. ಭಾರೀ ಪ್ರಮಾಣದಲ್ಲಿ ಅದು ದಾಳಿಕೋರ ಕೋಶಗಳನ್ನು ಹುರಿದುಂಬಿಸುತ್ತದೆ, ಹಾಗಾಗಿ 1992ರಲ್ಲಿ ಮೂತ್ರಪಿಂಡದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ, ಸಿಡಿ25 ಇರುವ ಹೆಚ್ಚು ಬಿಗಿಯಾದ ಗ್ರಾಹಕ ಹೊತ್ತ ಟ್ರೆಗ್ ಕೋಶಗಳೇ ಅದನ್ನು ಮೊದಲು ಹಿಡಿದು ಹೆಚ್ಚುತ್ತವೆ. 2011ರ ಎರಡು ವರದಿಗಳು ರೋಗಿಗಳಲ್ಲಿ ಇದನ್ನು ತೋರಿಸಿದವು.

ಕ್ಯಾನ್ಸರ್‌ನಲ್ಲಿ ಗುರಿ ತಿರುಗುಮುರುಗು. ಗೆಡ್ಡೆಯೊಳಗೆ ಟ್ರೆಗ್ ಕೋಶಗಳು ಜಮಾಯಿಸಿ ಅದನ್ನು ಕಾಯುತ್ತವೆ, ಅಲ್ಲಿ ಅವುಗಳ ಕೈ ಕಟ್ಟಬೇಕು. ಸಿಟಿಎಲ್‌ಎ-4 ತಡೆಯುವ ಇಪಿಲಿಮುಮಾಬ್‌ಗೆ 2011ರಲ್ಲಿ ಮೆಲನೋಮಾ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಅಡ್ಡಪರಿಣಾಮಗಳನ್ನು ಓದಿ ನೋಡಿ: ಕರುಳಿನ ಉರಿಯೂತ, ಚರ್ಮದ ದದ್ದು, ಥೈರಾಯ್ಡ್ ತೊಂದರೆ, ಐಪೆಕ್ಸ್ ಮಗುವಿನ ಮತ್ತು 1995ರ ಇಲಿಯ ಪಟ್ಟಿಯೇ ಹೊಸ ಜಾಗದಲ್ಲಿ ಕಂಡಂತಾಗುತ್ತದೆ. ಸಿಡಿ25ನ್ನೇ ಗುರಿಯಾಗಿಟ್ಟರೆ ಕ್ಯಾನ್ಸರ್ ಕೊಲ್ಲಬೇಕಾದ ಚುರುಕಾದ ಕೋಶಗಳೂ ಸಾಯಬಹುದು. ಹೀಗಾಗಿ ರಕ್ತದ ಟ್ರೆಗ್ ಕೋಶಗಳಲ್ಲಿ ಕಡಿಮೆಯಿದ್ದು ಗೆಡ್ಡೆಯೊಳಗಿನವುಗಳಲ್ಲಿ ಹೆಚ್ಚಾಗಿರುವ ಸಿಸಿಆರ್8 ಎಂಬ ಗ್ರಾಹಕದ ಮೇಲೆ ಈಗ ಪ್ರತಿಕಾಯಗಳನ್ನು ಪರೀಕ್ಷಿಸಲಾಗುತ್ತಿದೆ.